ಹೊಳೆ ತೋಪಿನ ಮರಬಾಳೆ

೧೨ ಏಪ್ರಿಲ್ ೧೯೪೩, ಮದ್ದೂರು

ಈ ಪುಸ್ತಕ ಮಂಡ್ಯದ ಡಾಕ್ಟರ ಅಪ್ಪಣೆ. ಯಾವ ಕಿವಿಗೆ ಏನು ಕೇಳಿಸಿತು, ಏನು ಕೇಳಿಸಲಿಲ್ಲ ಎಂದು ದಿನವೂ ಬರೆದಿಡು, ಆಮೇಲೆ ನೋಡೋಣ ಎಂದು ಚೀಟಿಯಲ್ಲಿ ಬರೆದು ತೋರಿಸಿದರು. ಬಾಯಲ್ಲಿ ಹೇಳಿದ್ದು ನನಗೆ ಮುಟ್ಟಿರಲಿಲ್ಲ. ಮನೆಯಲ್ಲಿ ನಮ್ಮದು ಉರ್ದು ಮಾತು. ಬರೆಯಲು ಕಲಿತದ್ದು ಮಾತ್ರ ಮಳವಳ್ಳಿಯ ಕನ್ನಡ ಶಾಲೆಯಲ್ಲಿ. ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ.

ಫೆಬ್ರವರಿಯಲ್ಲಿ ಬಂದ ಚಳಿಜ್ವರ ಹದಿನೆಂಟು ದಿನ ಬಿಡಲಿಲ್ಲ. ಕ್ವಿನೈನ್ ಜೀವ ಉಳಿಸಿತು, ಕಿವಿಯನ್ನು ತೆಗೆದುಕೊಂಡಿತು. ಜ್ವರ ಇಳಿದ ದಿನದಿಂದ ತಲೆಯೊಳಗೆ ಜೀರುಂಡೆ ಕೂತ ಹಾಗೆ ಒಂದೇ ಸದ್ದು.

ಬಲಗಿವಿ: ಏನೂ ಇಲ್ಲ. ಎಡಗಿವಿ: ಹೆಂಡತಿ ಅಖ್ತರ್ ಬೇಗಂ ಹತ್ತಿರ ಬಂದು ಕೂಗಿದರೆ ಕೇಳುತ್ತದೆ. ತಟ್ಟೆ ಬಿದ್ದದ್ದು ಕೇಳಿತು. ಮಸೀದಿಯ ಬಾಂಗ್ ಕೇಳಲಿಲ್ಲ.

೧೫ ಏಪ್ರಿಲ್

ಬಲಗಿವಿ ಇಲ್ಲ. ಎಡಗಿವಿ ನಿನ್ನೆಯಂತೆ.

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ತಿಮ್ಮಯ್ಯನವರ ಬಸ್ ಷೆಡ್ಡಿನಲ್ಲಿ ಹದಿನಾರು ವರ್ಷದಿಂದ ನಾನೇ ಮೆಕ್ಯಾನಿಕ್. ಬಸ್ಸು ಮೂಲೆ ತಿರುಗುವ ಮೊದಲೇ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ ಎನ್ನುತ್ತಿದ್ದವನು. ಬೆಳಿಗ್ಗೆ ಡ್ರೈವರ್ ಮಾದಯ್ಯ ಎಂಜಿನ್ ಚಾಲೂ ಮಾಡಿ ನನ್ನ ಮುಖ ನೋಡಿದ. ಕೇಳಿಸಿದವನಂತೆ ತಲೆ ಆಡಿಸಿದೆ. ಕೊಪ್ಪದ ಹತ್ತಿರ ಬೇರಿಂಗು ಸುಟ್ಟು ಬಸ್ಸು ನಿಂತಿತು. ಜನ ಬಿಸಿಲಲ್ಲಿ ನಡೆದು ಬಂದರು.

ತಿಮ್ಮಯ್ಯನವರು ಬೈಯಲಿಲ್ಲ. ಬೈದಿದ್ದರೂ ಇರಬಹುದು, ನನಗೇನು ಗೊತ್ತು.

ಸಂಜೆ ಇದ್ದಲಿನ ವಿಚಾರ ಕೇಳಿದರು. ಯುದ್ಧದ ರೇಷನ್ನಿನಲ್ಲಿ ಪೆಟ್ರೋಲು ಸಿಗುವುದಿಲ್ಲ, ಮೂರು ಬಸ್ಸಿಗೂ ಹಿಂದೆ ಇದ್ದಲು ಉರಿಸಿ ಅದರ ಗ್ಯಾಸಿನಿಂದ ಎಂಜಿನ್ ಓಡಿಸುವ ಪ್ಲಾಂಟ್ ಕೂರಿಸಿದ್ದೇನೆ. ಕೊಳ್ಳುವ ಇದ್ದಲಿನಲ್ಲಿ ಅರ್ಧ ಮಣ್ಣು. ಶಿಂಷಾ ದಂಡೆಯ ನಿಮ್ಮ ತೋಪಿನಲ್ಲೇ ಹುಣಸೆ, ಹೊಂಗೆ, ಮಾವು ಬಲಿತು ನಿಂತಿವೆ, ಮಳೆಗಾಲ ಹಿಡಿಯುವ ಮೊದಲು ಸುಡಿಸಿ ಎಂದೆ. ಕೆಲಸಕ್ಕೆ ಬರುವ ಮಾತೊಂದನ್ನಾದರೂ ಹೇಳಿದೆನಲ್ಲ ಎಂದು ಸಮಾಧಾನವಾಯಿತು.

೨೧ ಏಪ್ರಿಲ್

ಸೊಪ್ಪು ಮಾರುವ ಚಿಕ್ಕಬೋರಮ್ಮ ನನ್ನ ಕಿವಿಯ ಸುದ್ದಿಯನ್ನು ಅಖ್ತರ್‌ಳಿಂದ ಕೇಳಿದಳಂತೆ. ಅವಳ ಗುಡಿಸಲು ತಿಮ್ಮಯ್ಯನವರ ಹೊಳೆ ತೋಪಿನ ಪಕ್ಕದಲ್ಲೇ. ಮರದ ಮೇಲೆ ಬೆಳೆಯುವ ಮರಬಾಳೆಯ ಎಲೆ ಬಾಡಿಸಿ ರಸ ಹಿಂಡಿ ಕಿವಿಗೆ ಬಿಟ್ಟರೆ ಗುಣ ಎಂದಳು. ಮಧ್ಯಾಹ್ನವೇ ತೋಪಿಗೆ ಹೋದೆ. ಮಾವಿನ ಕೊಂಬೆಗೆ ಅಂಟಿದ್ದ ದೊಡ್ಡ ಗಿಡವನ್ನು ಸ್ಪ್ಯಾನರ್ ತೂರಿಸಿ ಎಬ್ಬಿ ಪೂರ್ತಿ ಕಿತ್ತು ತಂದೆ. ಬೇರುಗಳು ತೊಗಟೆಯನ್ನು ಬಿಡಲೊಲ್ಲವು, ಪಟಪಟ ಹರಿದವು.

ದಾರಿಯಲ್ಲಿ ಚಿಕ್ಕಬೋರಮ್ಮ ಎದುರಾದಳು. ಎಡಗಿವಿಗೆ ಬಾಯಿಟ್ಟು ಕೂಗಿದಳು.

“ಎರಡೆಲೆ ಕುಯ್ಕೊ ಅಂದ್ರೆ ಬುಡ ಸಮೇತ ಎತ್ಕೊಂಡ್ ಬಂದಿದ್ದೀಯಲ್ಲ ಸಾಬಣ್ಣ. ನಾಳಿಕ್ ಇನ್ನೊಬ್ರು ಕಿವಿ ಹಿಡ್ಕೊಂಡ್ ಬತ್ತಾರೆ, ಅವ್ರಿಗೆ ಏನ್ ಕೊಡ್ಲಿ?”

ಅಖ್ತರ್ ರಸ ಬಿಸಿ ಮಾಡಿ ಬಿಟ್ಟಳು. ಉರಿಯಿತು. ಉಳಿದ ಗಿಡವನ್ನು ಹಿತ್ತಲ ಗೋಡೆಯ ಮೇಲೆ ಎಸೆದೆ.

೨೯ ಏಪ್ರಿಲ್

ಬಲಗಿವಿ ಇಲ್ಲ. ಎಡಗಿವಿ ಹಾಗೇ. ರಸ ನಿಲ್ಲಿಸಿದೆ.

ಗೋಡೆಯ ಮೇಲಿನ ಗಿಡ ಸತ್ತಿಲ್ಲ. ಎಂಟು ದಿನದಿಂದ ಸುಡುವ ಇಟ್ಟಿಗೆಯ ಮೇಲೆ ಬಿದ್ದಿದೆ, ಮಣ್ಣಿಲ್ಲ, ನೀರಿಲ್ಲ, ಕುಡಿಯಲು ಮರವೂ ಇಲ್ಲ. ಆದರೂ ಇವತ್ತು ಒಂದು ಮೊಗ್ಗು ಬಿರಿದಿದೆ.

ಇದು ತಿನ್ನುವುದೇನು?

೩ ಮೇ

ಷೆಡ್ಡಿಗೆ ರಜೆ. ತೋಪಿಗೆ ಹೋಗಿ ಮಾವಿನ ಮರ ಹತ್ತಿದೆ. ಕಿತ್ತ ಜಾಗದಲ್ಲಿ ಚಾಕುವಿನಿಂದ ತೊಗಟೆ ಸೀಳಿ ನೋಡಿದೆ. ಮರದ ರಸ ಹೀರುವ ಬದನಿಕೆಯ ಜಾತಿ ಎಂದುಕೊಂಡಿದ್ದೆ. ಅಲ್ಲ. ಬದನಿಕೆಯ ಬುಡ ಮರದೊಳಕ್ಕೆ ಇಳಿದಿರುತ್ತದೆ. ಇದರ ಬೇರು ತೊಗಟೆಯ ಮೇಲ್ಮೈಯಲ್ಲಿ ಹರಡಿದೆ ಅಷ್ಟೆ, ಒಳಗೆ ಒಂದು ಕೂದಲೂ ಹೋಗಿಲ್ಲ. ಲಗೇಜು ಬಸ್ಸಿನ ಮೇಲೆ ಕೂತ ಹಾಗೆ ಕೂತಿದೆ. ಎಂಜಿನ್ನಿನಿಂದ ಏನೂ ಎಳೆಯುವುದಿಲ್ಲ.

ಒಣಗಿದ ಬೇರು ಬೂದಿ ಬಿಳುಪು. ಉಗುಳು ಹಚ್ಚಿದೆ. ನೋಡುತ್ತಿದ್ದಂತೆ ಹಸಿರಾಯಿತು. ನಾಲ್ಕು ಬೇರಿಗೆ ಹಚ್ಚಿ ನೋಡಿದೆ, ನಾಲ್ಕೂ ಹಾಗೇ. ಮೇಲೆ ಸ್ಪಂಜಿನಂಥ ಪದರ, ಕೆಳಗೆ ಹಸಿರು. ಮಳೆ ಬಿದ್ದಾಗ, ಇಬ್ಬನಿ ಇಳಿದಾಗ ಹೀರಿಟ್ಟುಕೊಳ್ಳುತ್ತದೆ ಎಂದು ಕಾಣುತ್ತದೆ.

ಎಡಗಿವಿ: ಗಮನಿಸಲಿಲ್ಲ.

೧೧ ಮೇ

ಹೂವಿನ ಒಳಗನ್ನು ಇವತ್ತು ಬಿಚ್ಚಿದೆ. ಐದು ದಳ ಹಿಂದೆ ಬಿಳುಪು, ಮುಂದೆ ಹಳದಿಯ ಮೇಲೆ ಕಂದು ಚೌಕಳಿ, ಲುಂಗಿಯ ಬಟ್ಟೆಯಂತೆ. ನಡುವೆ ನೇರಳೆ ತುಟಿ. ತುಟಿಯ ಮೇಲೆ ಅಕ್ಕಿನುಚ್ಚಿನಷ್ಟು ಒಂದು ಮುಚ್ಚಳ.

ಬೆಂಕಿಕಡ್ಡಿಯನ್ನು ಜೇನ್ನೊಣ ಹೋಗುವ ದಾರಿಯಲ್ಲಿ ತೂರಿಸಿ ಹಿಂದಕ್ಕೆ ಎಳೆದೆ. ಮುಚ್ಚಳ ಬಿತ್ತು, ಹೂವಿನ ಪುಡಿ ಮುದ್ದೆಗಟ್ಟಿದಂಥ ಎರಡು ಹಳದಿ ಕಾಳು ಒಂದು ಸಣ್ಣ ಕಾಲಿನ ಮೇಲೆ ನಿಂತು ಕಡ್ಡಿಗೆ ಅಂಟಿಕೊಂಡು ಬಂದವು. ಊದಿದರೂ ಬೀಳಲಿಲ್ಲ. ಎಂಥ ಗೋಂದು! ಅದಕ್ಕಿಂತ ಹೆಚ್ಚಿನದು ಆಮೇಲೆ. ಒಂದು ನಿಮಿಷದೊಳಗೆ ಆ ಕಾಲು ತಾನಾಗಿ ಮುಂದಕ್ಕೆ ಬಾಗಿತು. ಏಕೆ? ಅದೇ ಕಡ್ಡಿಯನ್ನು ಇನ್ನೊಂದು ಹೂವಿಗೆ ತೂರಿಸಿದಾಗ ತಿಳಿಯಿತು. ಬಾಗದಿದ್ದರೆ ಕಾಳು ಮುಚ್ಚಳಕ್ಕೆ ತಾಗುತ್ತಿತ್ತು. ಬಾಗಿದ್ದರಿಂದ ಅದರ ಕೆಳಗಿನ ಅಂಟುಗುಳಿಗೆ ಸರಿಯಾಗಿ ಕೂತಿತು. ಅಳತೆ ತಪ್ಪಿಲ್ಲ.

ಇದನ್ನು ಜೋಡಿಸಿದವನ ಮುಂದೆ ನಾನು ಯಾವ ಮೆಕ್ಯಾನಿಕ್?

ಅಖ್ತರ್‌ಳನ್ನು ಕೂಗಿ ತೋರಿಸಿದೆ. ಎರಡು ಸಲ ಮಾಡಿಸಿದಳು, ಮೂರನೆಯ ಸಲ ಕಡ್ಡಿಯನ್ನು ತಾನೇ ತೆಗೆದುಕೊಂಡಳು. ಜ್ವರ ಬಂದಾಗಿನಿಂದ ನಾವಿಬ್ಬರೂ ಒಟ್ಟಿಗೆ ಇಷ್ಟು ಹೊತ್ತು ಕೂತಿರಲಿಲ್ಲ ಎಂದಳು. ಇರಬಹುದು.

೨೪ ಮೇ

ತೋಪಿನಲ್ಲಿ ಇಪ್ಪತ್ತೇಳು ಮರ. ಗಿಡಗಳಿಗೆ ಬಿಡಿಭಾಗಕ್ಕೆ ಕೊಡುವ ಹಾಗೆ ನಂಬರು ಕೊಟ್ಟಿದ್ದೇನೆ. ಒಂದನೆಯದು ಚೌಕಳಿ ಮರಬಾಳೆ. ಎರಡನೆಯದು ಅದರ ತಂಗಿಯಂತಿದೆ, ಹೂವು ಜೇನಿನ ಬಣ್ಣ, ಉಗುರಿನಷ್ಟೇ ಚಿಕ್ಕದು. ಮೂರನೆಯದರ ಎಲೆ ಪೆನ್ಸಿಲಿನಂತೆ ದುಂಡಗೆ, ಹೂವಿನ ತುಟಿ ಹೆಪ್ಪುಗಟ್ಟಿದ ರಕ್ತದ ಬಣ್ಣ. ನಾಲ್ಕನೆಯದು ಹುಣಸೆಯ ಪೊಟರೆಯಲ್ಲಿ, ಎಲೆ ಚಪ್ಪಲಿಯ ಪಟ್ಟಿಯಂತೆ ದಪ್ಪ, ಹೂವಿನ ಸರ ಮೊಳದುದ್ದ ಕೆಳಕ್ಕೆ ಜೋತುಬಿದ್ದಿದೆ. ನಾಲ್ಕಕ್ಕೂ ಅದೇ ಮುಚ್ಚಳ, ಅದೇ ಹಳದಿ ಕಾಳು. ಒಂದೇ ಕಂಪನಿಯ ಬೇರೆ ಬೇರೆ ಮಾಡೆಲ್ಲು.

ಹದಿನಾರು ವರ್ಷ ಈ ಮರಗಳ ಕೆಳಗೆ ಓಡಾಡಿದ್ದೇನೆ.

೮ ಜೂನ್

ತಿಮ್ಮಯ್ಯನವರು ಮೈಸೂರಿನಿಂದ ಹೊಸ ಮೆಕ್ಯಾನಿಕ್ ತಂದಿದ್ದಾರೆ. ನಯಾಜ್ ಪಾಷಾ ಎಂದು ಹೆಸರು, ನನ್ನ ವಯಸ್ಸಿನವನೇ. ಎಂಜಿನ್ ಅವನಿಗೆ, ಇದ್ದಲಿನ ಪ್ಲಾಂಟ್ ಮಾತ್ರ ನನಗೆ. ಅವನು ತಲೆ ತಗ್ಗಿಸಿಯೇ ಸಲಾಂ ಹೇಳಿದ. ಅವನದೇನು ತಪ್ಪು.

ಉಣ್ಣಲಿಲ್ಲ.

೨ ಜುಲೈ

ಹೊಳೆ ತೋಪಿಗೆ ಕೊಡಲಿ ಬಿದ್ದಿದೆ.

ಏಪ್ರಿಲ್ ಹದಿನೈದರ ಹಾಳೆಯನ್ನು ತಿರುಗಿಸಿ ಓದಿದೆ. ಸುಡಿಸಿ ಎಂದು ಹೇಳಿದವನು ನಾನೇ.

೪ ಜುಲೈ

ತಿಮ್ಮಯ್ಯನವರ ಮನೆಗೆ ಹೋದೆ. ಜಗಲಿಯ ಮೇಲೆ ಹೂವಿನ ಗೊಂಚಲಿಟ್ಟು ಬೆಂಕಿಕಡ್ಡಿ ತೂರಿಸಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕಾಲು ಬಾಗಿದಾಗ ಅವರ ಹುಬ್ಬು ಏರಿತು. ಮರಗಳನ್ನು ಬಿಡಿ ಎಂದು ಕೇಳಿದೆ. ಅವರು ನನ್ನ ಪಕ್ಕಕ್ಕೆ ಬಂದು ನಿಧಾನವಾಗಿ, ಜೋರಾಗಿ ಹೇಳಿದರು.

“ಚೆನ್ನಾಗದೆ ಸಾಬ್ರೇ, ಇಲ್ಲ ಅನ್ನಲ್ಲ. ಆದ್ರೆ ಮೂರ್ ಬಸ್ಸು ನಿಂತ್ರೆ ಎಂಟ್ ಮನೆ ಒಲೆ ನಿಂತೋಯ್ತದೆ. ಅದ್ರಲ್ಲಿ ನಿಮ್ದೂ ಒಂದು. ಮರ ಬೇಡ ಅಂದ್ರೆ ಏನ್ ಸುಡ್ಲಿ, ಅದನ್ನೇಳಿ.”

ಗೊಂಚಲನ್ನು ಟವಲಿನಲ್ಲಿ ಸುತ್ತಿಕೊಂಡು ಎದ್ದು ಬಂದೆ.

೧೧ ಜುಲೈ

ಮರ ಕೆಡವುವುದನ್ನು ತಡೆಯಲಾಗದು. ಬಿದ್ದ ಮರದಿಂದ ಗಿಡ ಬಿಡಿಸಬಹುದು. ಬೇರು ಕೀಳದೆ, ತೊಗಟೆಯನ್ನೇ ಹಲಗೆಯಂತೆ ಚಕ್ಕೆ ಎಬ್ಬಿ, ಗಿಡ ಸಮೇತ ತೆಗೆಯುವುದು ಸರಿಯಾದ ಕ್ರಮ. ಈ ಬುದ್ಧಿ ಬರುವ ಮೊದಲು ಮೂರು ಗಿಡ ಕೆಡಿಸಿದೆ. ಚಿಕ್ಕಬೋರಮ್ಮ ತೆಂಗಿನ ನಾರಿನ ಹುರಿ ಹೊಸೆದು ಕೊಟ್ಟಳು. ಅಖ್ತರ್ ಬುರ್ಖಾ ಮಡಚಿಟ್ಟು ತಲೆಗೆ ಸೆರಗು ಹೊದ್ದು ಕೂತು ಗಂಟು ಹಾಕಿದಳು. ಅವರಿಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಏನು ಎಂದು ಕೇಳಲು ಹೋಗಲಿಲ್ಲ, ನೋಡುವುದಕ್ಕೇ ಚೆನ್ನಾಗಿತ್ತು.

ನಲವತ್ತೊಂದು ಗಿಡ. ರಸ್ತೆ ಬದಿಯ ಸಾಲುಮಾವಿಗೆ, ಷೆಡ್ಡಿನ ಹಿಂದಿನ ಹುಣಸೆಗೆ ಕಟ್ಟಿದ್ದಾಯಿತು. ಕೂತಿದ್ದ ದಿಕ್ಕಿಗೇ ಮುಖ ಮಾಡಿಸಿ ಕಟ್ಟಿದ್ದೇನೆ.

೧೯ ಜುಲೈ

ಹನ್ನೊಂದು ಮರ ಹೋದವು. ಹದಿನಾರು ಉಳಿದಿವೆ. ಕಡಿದದ್ದನ್ನು ಸುಟ್ಟು ಮುಗಿಸುವವರೆಗೆ ಕೊಡಲಿಗೆ ಬಿಡುವು.

ಬೆಳಿಗ್ಗೆ ಹಂಡೆ ಒಲೆಯಿಂದ ಅಖ್ತರ್ ಕೆಂಡ ಗೋರುತ್ತಿದ್ದಳು. ತೆಂಗಿನ ಚಿಪ್ಪು ಸುಟ್ಟ ಕೆಂಡ. ಒಂದು ತುಂಡು ತೆಗೆದು ನೀರಿನಲ್ಲಿ ಆರಿಸಿ ಮುರಿದೆ. ಗಾಜಿನಂತೆ ಮುರಿಯಿತು. ಪುಡಿಯಿಲ್ಲ, ಹಸಿಯಿಲ್ಲ. ಮದ್ದೂರಿನಲ್ಲಿ ಚಿಪ್ಪಿಲ್ಲದ ಮನೆ ಯಾವುದು?

೨೭ ಜುಲೈ

ಗುಂಡಿ ತೆಗೆದು, ಚಿಪ್ಪು ತುಂಬಿ, ಬೆಂಕಿ ಹತ್ತಿದ ಮೇಲೆ ತಗಡು ಮುಚ್ಚಿ ಮಣ್ಣು ಎಳೆದೆ. ಮೊದಲ ಸಲ ತಗಡಿನ ಸಂದಿಯಲ್ಲಿ ಗಾಳಿ ಹೋಗಿ ಎಲ್ಲ ಬೂದಿ. ಎರಡನೆಯ ಸಲ ಹೊಗೆ ಬಿಳುಪಿನಿಂದ ನೀಲಿಗೆ ತಿರುಗಿದಾಗ ಮುಚ್ಚಿದೆ. ಕರಿಯ ಕನ್ನಡಿಯಂಥ ಇದ್ದಲು ಬಂತು.

ಪ್ಲಾಂಟಿಗೆ ತುಂಬಿದರೆ ಉರಿ ವಿಪರೀತ, ತಳದ ಜಾಲರಿ ಕೆಂಪಗೆ ಕಾದು ಬಾಗಿತು. ಗಾಳಿಯ ತೂತು ಕಿರಿದು ಮಾಡಬೇಕು.

೬ ಆಗಸ್ಟ್

ನಯಾಜ್ ಒಂದು ಉಪಾಯ ಹೇಳಿಕೊಟ್ಟ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಮೊದಲು ಬರೀ ನಡುಕ. ನಾಲ್ಕು ದಿನ ಕಚ್ಚಿದ ಮೇಲೆ ನಡುಕದೊಳಗೆ ಬೇರೆ ಬೇರೆ ನಡುಕ ಇವೆ ಎಂದು ತಿಳಿಯಿತು. ಬೇರಿಂಗಿನದು ದಪ್ಪ, ವಾಲ್ವಿನದು ಸೂಜಿ. ಇವತ್ತು ಎರಡನೆಯ ಸಿಲಿಂಡರಿನ ವಾಲ್ವು ಕೂರುತ್ತಿಲ್ಲ ಎಂದೆ. ನಯಾಜ್ ಬಿಚ್ಚಿ ನೋಡಿ ನನ್ನ ಬೆನ್ನು ತಟ್ಟಿದ.

ಗಾಳಿಯ ತೂತಿಗೆ ಹೊಸ ತಟ್ಟೆ ಕೂರಿಸಿದೆ. ಎರಡು ಪಾಲು ಚಿಪ್ಪಿನ ಇದ್ದಲಿಗೆ ಒಂದು ಪಾಲು ಜಾಲಿ ಮರದ್ದು ಬೆರೆಸಿದರೆ ಜಾಲರಿ ಬಾಗುವುದಿಲ್ಲ.

೧೪ ಆಗಸ್ಟ್

ಇವತ್ತು ಮಳವಳ್ಳಿ ದಾರಿಯಲ್ಲಿ ಪರೀಕ್ಷೆ. ತಿಮ್ಮಯ್ಯನವರೇ ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ತುಂಬ ಜನ. ಯಾವಾಗಲೂ ಏರು ಬಂದ ಕಡೆ ಗಂಡಸರು ಇಳಿದು ತಳ್ಳುವುದು ವಾಡಿಕೆ, ಮಾದಯ್ಯ ಕೂಗುವ ಮೊದಲೇ ನಾಲ್ಕು ಜನ ಎದ್ದು ನಿಂತಿದ್ದರು. ನಾನು ಎಂಜಿನ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸ್ಕ್ರೂಡ್ರೈವರ್ ಕಚ್ಚಿಕೊಂಡಿದ್ದೆ. ಅರ್ಧ ಏರಿನಲ್ಲಿ ನಡುಕ ತೆಳ್ಳಗಾಯಿತು. ಗಾಳಿಯ ತಟ್ಟೆಯನ್ನು ಎರಡು ನೂಲು, ಅಂದರೆ ಕಾಲಿಂಚು, ತೆರೆಯಲು ಕೈಸನ್ನೆ ಮಾಡಿದೆ, ಮಾದಯ್ಯ ಸೀಟಿನ ಬಳಿಯ ಸರಿಗೆ ಎಳೆದು ತೆರೆದ. ನಡುಕ ತುಂಬಿಕೊಂಡಿತು. ಬಸ್ಸು ಏರಿತು. ಎದ್ದು ನಿಂತವರು ಪೆಚ್ಚಾಗಿ ಕೂತರು.

ಮಳವಳ್ಳಿಯಲ್ಲಿ ಇಳಿದು ತಿಮ್ಮಯ್ಯನವರು ಪ್ಲಾಂಟಿನ ಸುತ್ತ ಒಂದು ಸುತ್ತು ಬಂದರು. ಬೂದಿಯನ್ನು ಬೆರಳಲ್ಲಿ ಉಜ್ಜಿದರು. ಆಮೇಲೆ ನನ್ನ ಎಡಗಿವಿಯ ಹತ್ತಿರ ಬಂದರು.

“ಕಿವಿ ಇಲ್ದೆ ಹೆಂಗ್ ಹೇಳಿದ್ರಿ?”

ಹಲ್ಲು ತೋರಿಸಿದೆ. ಅವರು ನಕ್ಕದ್ದನ್ನು ಜ್ವರದಿಂದೀಚೆಗೆ ಇವತ್ತೇ ಕಂಡದ್ದು.

“ಉಳ್ದಿರೋ ಮರ ಹಂಗೇ ಇರ್ಲಿ ಬುಡಿ. ಚಿಪ್ಪು ಸಿಗೋಗಂಟ ಮಾತ್ರ. ಚಿಪ್ಪು ನಿಂತ ದಿನ ನನ್ನ ಬೈಕೊಬ್ಯಾಡಿ.”

ಹದಿನಾರು ಮರ.

೩ ಸೆಪ್ಟೆಂಬರ್

ರಂಜಾನ್ ಮೊದಲಾಗಿದೆ. ಉಪವಾಸದ ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಬಹುದೇ ಎಂದು ಅಖ್ತರ್‌ಳನ್ನು ಕೇಳಿದೆ. ನುಂಗದಿದ್ದರೆ ಸರಿ ಎಂದಳು.

ಕಟ್ಟಿದ ನಲವತ್ತೊಂದರಲ್ಲಿ ಹತ್ತೊಂಬತ್ತು ಹೊಸ ಬೇರು ಬಿಟ್ಟಿವೆ. ಬೇರಿನ ತುದಿ ಹಸಿ ಅವರೆಯ ಬಣ್ಣ. ಹನ್ನೆರಡು ಸತ್ತವು. ಉಳಿದವು ಇನ್ನೂ ತೀರ್ಮಾನ ಮಾಡಿಲ್ಲ. ಚಿಕ್ಕಬೋರಮ್ಮ ಬಂದು ಸತ್ತವನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

೧೮ ಸೆಪ್ಟೆಂಬರ್

ಬೆಂಗಳೂರಿನ ಒಬ್ಬರು ಬಸ್ಸಿಗಾಗಿ ಕಾಯುತ್ತಿದ್ದವರು ಷೆಡ್ಡಿನ ಹುಣಸೆಯ ಕೆಳಗೆ ಬಂದು ನಿಂತರು. ಹೂಗಿಡ ಬೆಳೆಸಿ ಮಾರುವುದು ಅವರ ಕಸುಬು. ನನಗೆ ಕೇಳಿಸುವುದಿಲ್ಲ ಎಂದು ತಿಳಿದು ಜೇಬಿನಿಂದ ಪೆನ್ಸಿಲು ತೆಗೆದರು. ಎರಡು ಗಂಟೆ ಬರೆದು ಬರೆದು ಮಾತಾಡಿದೆವು. ಅಂಥ ಎರಡು ಗಂಟೆ ನನ್ನ ಜನ್ಮದಲ್ಲಿ ಕಳೆದಿಲ್ಲ.

ಇವಕ್ಕೆಲ್ಲ ಸೇರಿ ಆರ್ಕಿಡ್ ಎಂದು ಹೆಸರು. ನಮ್ಮ ದೇಶದಲ್ಲೇ ಸಾವಿರಕ್ಕೂ ಮೀರಿದ ಬಗೆ. ಮರದ ಮೇಲೆ, ಬಂಡೆಯ ಮೇಲೆ, ನೆಲದಲ್ಲಿ, ಹಿಮದ ಬೆಟ್ಟದ ಬುಡದಲ್ಲಿ. ನನ್ನ ನಾಲ್ಕು ನಂಬರು ಎಲ್ಲಿ, ಸಾವಿರ ಎಲ್ಲಿ! ಕಾಯೊಳಗೆ ಲಕ್ಷ ಬೀಜ, ಹಿಟ್ಟಿನಷ್ಟು ನುಣುಪು. ಆದರೆ ಬೀಜದೊಳಗೆ ಬುತ್ತಿಯಿಲ್ಲ. ತೊಗಟೆಯಲ್ಲಿರುವ ಒಂದು ಜಾತಿಯ ಬೂಷ್ಟು ಸಿಕ್ಕಿ, ಅದು ಉಣಿಸಿದರೆ ಮಾತ್ರ ಮೊಳಕೆ. ಲಕ್ಷಕ್ಕೆ ಒಂದು ಬದುಕಿದರೆ ಹೆಚ್ಚು. ಮೊದಲ ಹೂವಿಗೆ ಆರೇಳು ವರ್ಷ.

ಏಪ್ರಿಲಿನಲ್ಲಿ ಸ್ಪ್ಯಾನರಿನಿಂದ ಎಬ್ಬಿದ ಗಿಡಕ್ಕೆ ಎಷ್ಟು ವಯಸ್ಸಾಗಿತ್ತೋ.

ಹುರುಪಿನಲ್ಲಿ ಹೊಳೆ ತೋಪಿನ ವಿಷಯವನ್ನೂ ಹೇಳಿದೆ, ದಾರಿಯನ್ನೂ ಗೀಚಿ ತೋರಿಸಿದೆ. ಹೊರಡುವಾಗ ಕೊನೆಯ ಚೀಟಿ ಬರೆದರು. ಬಂಗಲೆಗಳವರು ಕೇಳುತ್ತಿದ್ದಾರೆ, ನಾಲ್ಕು ಮೂಟೆ ಕಿತ್ತು ಕಳಿಸುತ್ತೀರಾ ಎಂದು. ಓದಿ ಚೀಟಿಯನ್ನು ಅವರ ಕೈಗೇ ಕೊಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ.

೨೬ ಸೆಪ್ಟೆಂಬರ್

ನಿನ್ನೆ ತೋಪಿಗೆ ಇಬ್ಬರು ಕುಡುಗೋಲು, ಮೂಟೆ ಹಿಡಿದು ಬಂದಿದ್ದರಂತೆ. ಅವರ ಕೈಯಲ್ಲಿ ಒಂದು ಕಾಗದ, ಅದರಲ್ಲಿ ದಾರಿಯ ಗೆರೆ. ನಾನು ಎಳೆದ ಗೆರೆ.

ಚಿಕ್ಕಬೋರಮ್ಮ ಹುಣಸೆಯ ಬುಡದಲ್ಲಿ ಕೂತುಬಿಟ್ಟಳಂತೆ. ತನ್ನನ್ನು ದಾಟಿಕೊಂಡು ಹತ್ತಿ ಎಂದಳಂತೆ. ಅವರು ಒಂದು ಹೊತ್ತು ಕಾದು ಹೋದರು. ಆದರೆ ಹೊಳೆಯ ಆಚೆ ಬದಿಯ ಹೊಂಗೆಯಲ್ಲಿ ಜೇನು ಬಣ್ಣದ್ದು ಒಂದೂ ಉಳಿದಿಲ್ಲ. ಹೋಗಿ ನೋಡಿ ಬಂದೆ. ಕೊಂಬೆಯ ಮೇಲೆ ಬೇರಿನ ಬಿಳಿ ಗುರುತು ಮಾತ್ರ.

ಅವಳ ಮುಂದೆ ತಪ್ಪು ಒಪ್ಪಿಕೊಂಡೆ. ನನ್ನ ಎಡಗಿವಿ ಹುಡುಕಿಕೊಂಡು ಬಂದು ಹೇಳಿದಳು.

“ಗೊತ್ತಿರೋದ್ನೆಲ್ಲ ಹೇಳ್ಬುಡ್ಬೇಕು ಅಂತ ಯಾರ್ ಹೇಳಿದ್ರು ನಿಂಗೆ?”

೫ ಅಕ್ಟೋಬರ್

ಈದ್ ಮುಗಿಸಿಕೊಂಡು, ಜಲಪಾತದ ಹತ್ತಿರ ಬ್ಲಫ್ ಎಂಬ ಊರಿನಲ್ಲಿರುವ ಅಖ್ತರ್‌ಳ ಅಕ್ಕ ಸರ್ವರ್ ಬೇಗಂ ಮನೆಗೆ ಹೋಗಿದ್ದೆವು. ಭಾವ ಅಲ್ಲಿ ಕರೆಂಟಿನ ಕಾರ್ಖಾನೆಯಲ್ಲಿ ಫಿಟ್ಟರ್. ಎರಡು ದಿನ ಇದ್ದೆವು. ಇವತ್ತು ಬೆಳಿಗ್ಗೆ ವಾಪಸು ಬರುವಾಗ ಬಸ್ಸಿನ ಪ್ಲಾಂಟು ಆರಿಸಿ ಬೂದಿ ತೆಗೆಯಲು ಮಾದಯ್ಯ ನಿಲ್ಲಿಸಿದ. ಕಾಲು ಸಡಿಲಿಸಿಕೊಳ್ಳಲು ನಾವಿಬ್ಬರೂ ಇಳಿದೆವು.

ಕಂಡದ್ದು ಅಖ್ತರ್‌ಗೆ. ನಾನು ರೂಢಿಯಂತೆ ಮರದ ಮೇಲೆ ಕಣ್ಣಿಟ್ಟು ನಡೆಯುತ್ತಿದ್ದೆ, ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆ. ನೆಲದಿಂದಲೇ ಎದ್ದ ಗಿಡ, ಹುಲ್ಲಿನ ನಡುವೆ, ಮೊಳಕಾಲೆತ್ತರ. ಬೆಳ್ಳನೆಯ ಏಳು ಹೂವು. ಇಬ್ಬರೂ ಹುಲ್ಲಿನ ಮೇಲೆ ಮೊಳಕಾಲೂರಿದೆವು. ಅವಳು ತಲೆಯಿಂದ ಪಿನ್ನು ತೆಗೆದುಕೊಟ್ಟಳು. ನಾನು ಒಂದು ಹೂವಿಗೆ ಮಾತ್ರ ತಾಗಿಸಿದೆ. ಹಳದಿ ಕಾಳು ಬಂತು. ಹಾಗಾದರೆ ಇದೂ ಅದೇ ಮನೆಯದು. ಐದನೆಯದು.

ಕಿತ್ತುಕೊಳ್ಳೋಣವೇ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾದಯ್ಯ ಎರಡು ಸಲ ಹಾರನ್ ಹೊಡೆದನಂತೆ.

ನಾವು ಇಳಿದದ್ದು ಬ್ಲಫ್ ಬಿಟ್ಟು

ಇಲ್ಲ, ಜಾಗ ಬರೆಯುವುದಿಲ್ಲ. ಪುಸ್ತಕ ಯಾರ ಕೈಗಾದರೂ ಸಿಗುತ್ತದೆ. ಅಖ್ತರ್‌ಗೆ ಗೊತ್ತು, ನನಗೆ ಗೊತ್ತು, ಅಷ್ಟು ಸಾಕು. ಹೂವಿನ ವಿಷಯ ಮಾತ್ರ ಬರೆದಿಡುತ್ತೇನೆ.

ಪ್ರತಿ ಹೂವಿನ ಹಿಂದೆ ಒಂದು ಹಸಿರು ಕೊಳವೆ ಬಾಲದಂತೆ ಜೋತಿದೆ, ನೂಲಿನಷ್ಟು ಸಣ್ಣ, ನನ್ನ ನಡುಬೆರಳಿಗಿಂತ ಉದ್ದ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಅರ್ಧ ಇಂಚು ಸಿಹಿ ನಿಂತಿರುವುದು ಕಾಣುತ್ತದೆ. ಜೇನ್ನೊಣದ ನಾಲಿಗೆ ಇಷ್ಟುದ್ದ ಇಲ್ಲ, ಚಿಟ್ಟೆಯದೂ ಸಾಲದು. ಅಷ್ಟು ಆಳದಲ್ಲಿ ಬುತ್ತಿ ಇಟ್ಟಿದೆ ಎಂದರೆ ಅದನ್ನು ಉಣ್ಣುವ ನಾಲಿಗೆಯೂ ಅದೇ ಕಾಡಿನಲ್ಲಿ ಎಲ್ಲೋ ಇರಲೇಬೇಕು.

ಯಾರದು?